14ರ ಹುಡುಗನಿಗೆ ಬೆನ್ನು, ಕುತ್ತಿಗೆ ನೋವು: ಎಂಆರ್‌ಐ ಬೇಕಾ?

ಕೇಳಿದವರು: ಮಗನಿಗೆ ಎರಡು ತಿಂಗಳಿಂದ ಕುತ್ತಿಗೆ, ಸೊಂಟ ಎರಡೂ ನೋವು. ಆಟ ಬಿಟ್ಟು ವರ್ಷವಾಯ್ತು. ಕೆಲವರು ಬ್ಯಾಗ್ ಅಂತಾರೆ, ಕೆಲವರು ಫೋನ್ ಅಂತಾರೆ. ಸ್ಕ್ಯಾನ್ ಮಾಡಿಸಬೇಕಾ?

ಬೌಲರ್‌ನ ಅಪ್ಪ: ಕಾಯಬೇಡಿ. ನಮ್ಮವನಿಗೆ ಮುಂದಕ್ಕೆ ಬಗ್ಗಿದರೆ ಏನೂ ಇಲ್ಲ, ಒಂಟಿ ಕಾಲಲ್ಲಿ ನಿಂತು ಹಿಂದಕ್ಕೆ ಬಾಗಿದರೆ ಚುಚ್ಚು ನೋವು. ಎಕ್ಸ್‌ರೇ ನಾರ್ಮಲ್, ಸ್ನಾಯು ಎಳೆತ ಅಂದರು. ಎಂಆರ್‌ಐಯಲ್ಲಿ ಸೊಂಟದ ಐದನೇ ಮೂಳೆಯ ಹಿಂಭಾಗದಲ್ಲಿ ಸ್ಟ್ರೆಸ್ ಫ್ರ್ಯಾಕ್ಚರ್, ಅಂದ್ರೆ ಪದೇ ಪದೇ ಒತ್ತಡ ಬಿದ್ದು ಆದ ಸಣ್ಣ ಬಿರುಕು! ಮೂರು ತಿಂಗಳು ಬೌಲಿಂಗ್ ಬಂದ್. ಆಮೇಲೆ ಹೊಟ್ಟೆ, ಪೃಷ್ಠದ ಸ್ನಾಯುಗಳ ವ್ಯಾಯಾಮ, ನಂತರ ಓಟ, ಕೊನೆಗೆ ಅರ್ಧ ವೇಗದ ಎಸೆತ. ಇಡೀ ಸೀಸನ್ ಹೋಯ್ತು.

ಫಿಸಿಯೊ: ಅವರ ಮಗ ಆಟವೇ ಆಡಲ್ಲ, ಮೊದಲು ಓದಿ. ನೋವೇ ಇಲ್ಲದ ಮಕ್ಕಳ ಎಂಆರ್‌ಐಯಲ್ಲೂ ಡಿಸ್ಕ್ (ಬೆನ್ನಿನ ಮೂಳೆಗಳ ನಡುವಿನ ಮೆತ್ತೆ) ಉಬ್ಬಿರೋದು ಕಾಣುತ್ತೆ. ರಿಪೋರ್ಟ್ ಓದಿ ಹೆದರಿ ಬಗ್ಗೋದನ್ನೇ ಬಿಡ್ತಾರೆ, ಬೆನ್ನು ಇನ್ನಷ್ಟು ಬಿಗಿಯುತ್ತೆ. ಬಹುಪಾಲು ಮಕ್ಕಳಲ್ಲಿ ಗಾಯ ಅಂತ ಏನೂ ಸಿಗಲ್ಲ; ನಿದ್ದೆಗೇಡು, ಪರೀಕ್ಷೆಯ ಒತ್ತಡ, ಓಡಾಟ ನಿಂತದ್ದು ಸೇರಿಕೊಂಡಿರುತ್ತೆ. ಬ್ಯಾಗ್ ದೇಹತೂಕದ 10–15% ಒಳಗಿರಲಿ, ಆದರೆ ಬ್ಯಾಗೇ ಕಾರಣ ಅನ್ನೋಕೆ ಪುರಾವೆ ಗಟ್ಟಿಯಿಲ್ಲ. ಕೂತಿದ್ದರೆ ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಿಸಿ. ಕುತ್ತಿಗೆಗೆ, ಗದ್ದ ಹಿಂದಕ್ಕೆಳೆದು 5 ಸೆಕೆಂಡು ಹಿಡಿಯಬೇಕು, 10 ಸಲ. ತಲೆ ಮೇಲೆತ್ತಿದರೆ ಉಪಯೋಗವಿಲ್ಲ, ನೋಟ ನೇರ ಇರಬೇಕು. ಮಲಗಿಸಿಡಬೇಡಿ.

ಬೌಲರ್‌ನ ಅಪ್ಪ: ಹೀಗೆ ಸಮಾಧಾನ ಹೇಳಿಯೇ ನಮ್ಮನ್ನೂ ವಾಪಸ್ ಕಳಿಸಿದ್ದು.

ಬ್ರೇಸ್ ಹುಡುಗಿಯ ಅಮ್ಮ: ಅಂಗಿ ತೆಗೆಸಿ, ಮಂಡಿ ನೇರ ಇಟ್ಟು ಮುಂದಕ್ಕೆ ಬಗ್ಗಿಸಿ ನೋಡಿದಿರಾ? ಒಂದು ಬದಿ ಪಕ್ಕೆಲುಬು ಉಬ್ಬಿದ್ದರೆ ಸ್ಕೋಲಿಯೋಸಿಸ್, ಅಂದ್ರೆ ಬೆನ್ನುಮೂಳೆ ಪಕ್ಕಕ್ಕೆ ವಕ್ರವಾಗೋದು, ಇರಬಹುದು. ವಕ್ರತೆ 25 ಡಿಗ್ರಿ ದಾಟಿ, ಬೆಳವಣಿಗೆ ಇನ್ನೂ ಬಾಕಿ ಇದ್ದರೆ ಬ್ರೇಸ್ (ಮೈಗೆ ಬಿಗಿಯುವ ಗಟ್ಟಿ ಕವಚ). ಮಗಳಿಗೆ ದಿನಕ್ಕೆ 18 ಗಂಟೆ. ಒಳಗೆ ಹೊಲಿಗೆಯಿಲ್ಲದ ಬನಿಯನ್ ಹಾಕದಿದ್ದರೆ ಸೊಂಟದ ಮೂಳೆ ಮೇಲೆ ಚರ್ಮ ಕಿತ್ತು ಬರುತ್ತೆ. ಎತ್ತರವಾದಂತೆ ಬ್ರೇಸ್ ಚಿಕ್ಕದಾಗುತ್ತೆ, ಮತ್ತೆ ಅಚ್ಚು, ಮತ್ತೆ ದುಡ್ಡು.

ಫಿಸಿಯೊ: ಅಮ್ಮಾ, ಇವರು ಕೇಳಿದ್ದು ನೋವು. ಸ್ಕೋಲಿಯೋಸಿಸ್ ಎಷ್ಟೋ ಮಕ್ಕಳಿಗೆ ನೋಯೋದೇ ಇಲ್ಲ.

ಬ್ರೇಸ್ ಹುಡುಗಿಯ ಅಮ್ಮ: ನೋಯಲ್ಲ ಅಂತ ತಾನೇ ಎಲ್ಲರೂ ತಡ ಮಾಡೋದು!

ಮಕ್ಕಳ ವಾರ್ಡ್ ನರ್ಸ್: ಜಗಳ ಸಾಕು. ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ತೂಕ ಇಳಿಕೆ, ಬೆಳಿಗ್ಗೆ ಅರ್ಧ ಗಂಟೆ ಮೀರಿದ ಬಿಗಿತ: ಇವಕ್ಕೆ ಬೇಗ ಡಾಕ್ಟರ್ ಹತ್ತಿರ ಹೋಗಿ. ಜ್ವರದ ಜೊತೆ ಕುತ್ತಿಗೆ ಸೆಟೆದರೆ, ಕಾಲಿನ ಬಲ ಕುಗ್ಗಿದರೆ, ಮೂತ್ರ ಹಿಡಿತ ತಪ್ಪಿದರೆ ತಕ್ಷಣ ಎಮರ್ಜೆನ್ಸಿಗೆ. ನೋವಿಗೆ ಆಸ್ಪಿರಿನ್ ಮಾತ್ರ ನೀವಾಗಿಯೇ ಕೊಡಬೇಡಿ, ಈ ವಯಸ್ಸಿಗೆ ಅಪಾಯ.

ಬೌಲರ್‌ನ ಅಪ್ಪ: ಈ ಪಟ್ಟಿಯಲ್ಲಿ ನನ್ನ ಮಗನ ಲಕ್ಷಣ ಒಂದೂ ಇರಲಿಲ್ಲ, ಆದರೂ ಮೂಳೆ ಬಿರುಕು ಬಿಟ್ಟಿತ್ತು. ಅದಕ್ಕೇನಂತೀರಿ?