ಎದೆ ನೀರಿನಲ್ಲಿ ಎಡಿಎ ಜಾಸ್ತಿ ಬಂದಿದೆ, ಇಳಿಸಲು ಔಷಧಿ ಇದೆಯಾ?

ತೀರ್ಥಹಳ್ಳಿ: ಡಾಕ್ಟ್ರೇ ನಮಸ್ಕಾರ. ಅಪ್ಪನಿಗೆ 61 ವರ್ಷ. ತಿಂಗಳಿಂದ ಸಂಜೆ ಆದರೆ ಜ್ವರ, ಬಲ ಪಕ್ಕೆ ನೋವು. ಎದೆಯಿಂದ ನೀರು ತೆಗೆದರು, ಒಣಹುಲ್ಲಿನ ಬಣ್ಣ ಇತ್ತು. ಎಡಿಎ 72, ಲಿಂಫೋಸೈಟ್ 90%, ಟಿಬಿ ಕ್ರಿಮಿ ಹುಡುಕುವ ಸಿಬಿನ್ಯಾಟ್ ಟೆಸ್ಟ್ ನೆಗೆಟಿವ್. ಟಿಬಿ ಮಾತ್ರೆ ಬರೆದಿದ್ದಾರೆ, ಅಪ್ಪ ಮುಟ್ಟುತ್ತಿಲ್ಲ. ಎಡಿಎ ತಡೆಯಲು ಪೆಂಟೋಸ್ಟಾಟಿನ್ ಅಂತ ಔಷಧಿ ಇದೆಯಂತೆ. ಅದನ್ನು ಕೊಡಬಹುದಾ?

ಡಾಕ್ಟರ್: ದಯವಿಟ್ಟು ಆ ಯೋಚನೆ ಬಿಡಿ. ಎಡಿಎ ಅಂದರೆ ಅಡಿನೋಸಿನ್ ಡಿಅಮಿನೇಸ್, ಪ್ಯೂರಿನ್ ಅನ್ನುವ ವಸ್ತು ಒಡೆದು ಯೂರಿಕ್ ಆಸಿಡ್ ಆಗುವ ದಾರಿಯಲ್ಲಿ ಕೆಲಸ ಮಾಡುವ ಕಿಣ್ವ. ಲಿಂಫೋಸೈಟ್ ಅನ್ನುವ ಬಿಳಿ ರಕ್ತಕಣಗಳಿಗೆ ಇದು ಬೇಕೇ ಬೇಕು. ಇಲ್ಲದಿದ್ದರೆ ಡಿಆಕ್ಸಿಅಡಿನೋಸಿನ್ ಅನ್ನುವ ವಸ್ತು ಶೇಖರವಾಗಿ ಕಣವೇ ಸಾಯುತ್ತದೆ. ಹುಟ್ಟುವಾಗಲೇ ಈ ಕಿಣ್ವ ಇಲ್ಲದ ಮಕ್ಕಳಿಗೆ ಸಣ್ಣ ಸೋಂಕೂ ಜೀವಕ್ಕೆ ಬರುತ್ತದೆ. ಪೆಂಟೋಸ್ಟಾಟಿನ್ ಇದನ್ನೇ ತಡೆಯುತ್ತದೆ, ಹಾಗಾಗಿ ಹೇರಿ ಸೆಲ್ ಲ್ಯುಕೇಮಿಯಾ ಅನ್ನುವ ರಕ್ತದ ಕ್ಯಾನ್ಸರ್‌ಗೆ ಕೊಡುತ್ತಾರೆ. ನಿಮ್ಮ ಅಪ್ಪನ ಎದೆಯಲ್ಲಿ ಟಿಬಿ ಜೊತೆ ಹೋರಾಡುತ್ತಿರುವುದೇ ಲಿಂಫೋಸೈಟ್, ಅದನ್ನೇ ಕೊಲ್ಲುತ್ತೀರಾ? ಎಡಿಎ 40 ದಾಟಿ, ನೀರಿನ ತುಂಬ ಲಿಂಫೋಸೈಟ್ ಇದ್ದರೆ ನಮ್ಮ ಕಡೆ ಮೊದಲು ನೆನಪಾಗುವುದು ಟಿಬಿ. ಲಿಂಫೋಮಾ ಅನ್ನುವ ಕ್ಯಾನ್ಸರ್, ರುಮಟಾಯ್ಡ್ ಅನ್ನುವ ಕೀಲುವಾತದಲ್ಲೂ ಏರಬಹುದು, ಅದನ್ನು ನಿಮ್ಮ ಡಾಕ್ಟರ್ ನೋಡಿರುತ್ತಾರೆ. ಈ ನೀರಿನಲ್ಲಿ ಕ್ರಿಮಿ ಕಡಿಮೆ ಇರುವುದರಿಂದ ಸಿಬಿನ್ಯಾಟ್ ಎಷ್ಟೋ ಸಲ ನೆಗೆಟಿವ್ ಬರುತ್ತದೆ, ಅದನ್ನು ನಂಬಿ ಮಾತ್ರೆ ಬಿಡಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ. ಸಾಮಾನ್ಯವಾಗಿ 6 ತಿಂಗಳು. ಮೂತ್ರ ಕಿತ್ತಳೆ ಬಣ್ಣಕ್ಕೆ ಬಂದರೆ ಅಪ್ಪ ಹೆದರುವುದು ಬೇಡ, ಅದು ರಿಫಾಂಪಿಸಿನ್ ಅನ್ನುವ ಟಿಬಿ ಔಷಧಿಯಿಂದ.

ಸಾಗರ: ಅಮೃತಬಳ್ಳಿ ಕಷಾಯ ದಿನಾ ಮೂರು ಲೋಟ. ಎಡಿಎ, ಯೂರಿಕ್ ಆಸಿಡ್ ಎರಡೂ 15 ದಿನದಲ್ಲಿ ಇಳಿಯುತ್ತದೆ. ಎಲ್ಲರಿಗೂ ಕಳಿಸಿ.

ಡಾಕ್ಟರ್: ಯಾರಿಗೂ ಕಳಿಸಬೇಡಿ. ಟಿಬಿ ಮಾತ್ರೆಯೇ ಕೆಲವರ ಲಿವರ್‌ಗೆ ಹೊಡೆಯುತ್ತದೆ. ಅಮೃತಬಳ್ಳಿಯಿಂದ ಲಿವರ್ ಕೆಟ್ಟ ಕೇಸುಗಳೂ ವರದಿಯಾಗಿವೆ. ಎರಡನ್ನೂ ಕುಡಿಸಿ, ಕಣ್ಣು ಹಳದಿ ಆದಮೇಲೆ ಯಾವುದರಿಂದ ಅಂತ ಹುಡುಕುವುದು ಹೇಗೆ?

ಭದ್ರಾವತಿ: ಟಿಬಿ ಮಾತ್ರೆ ಶುರುವಾದ ಮೇಲೆ ಯೂರಿಕ್ ಆಸಿಡ್ 9.1. ನಿಲ್ಲಿಸಲಾ?

ಡಾಕ್ಟರ್: ನೀವಾಗಿ ನಿಲ್ಲಿಸಬೇಡಿ. ಪೈರಾಜಿನಮೈಡ್ ಅನ್ನುವ ಟಿಬಿ ಔಷಧಿಯಿಂದ ಏರುತ್ತದೆ. ಕೀಲು ನೋವಿದ್ದರೆ ಬರೆದುಕೊಟ್ಟವರಿಗೆ ತೋರಿಸಿ.

ಹೊಸನಗರ: ನಮ್ಮ ಅತ್ತೆಗೂ ಅದೇ, 8.6. ಮಾತ್ರೆ ಬಿಡಬೇಕಾ?

ಡಾಕ್ಟರ್: ಮೇಲೆ ಓದಿ.

ಸೊರಬ: ಕಳಲೆ, ಅಣಬೆ ತಿಂದಿರುತ್ತಾರೆ, ಅದಕ್ಕೇ.

ಸಾಗರ: ಕಳಲೆಗೆ ಸುಮ್ನೆ ಯಾಕೆ ಹೆಸರು ಕೆಡಿಸುತ್ತೀರಿ? ಮಳೆಗಾಲ ಪೂರ್ತಿ ನಮ್ಮ ಅಜ್ಜಿ ತಿಂದವರು, ಗಟ್ಟಿಮುಟ್ಟಾಗಿದ್ದರು.

ಸೊರಬ: ನಿಮ್ಮ ಅಜ್ಜಿ ಲ್ಯಾಬ್ ರಿಪೋರ್ಟ್ ಮಾಡಿಸಿದ್ದರಾ?

ಸಾಗರ: ಹಿರಿಯರ ವಿಷಯ ಎತ್ತಬೇಡಿ ಮಾರಾಯ್ರೇ.

ಶಿಕಾರಿಪುರ: ಯೂರಿಕ್ ಆಸಿಡ್ ಇಳಿಸುವ ಅಲೋಪುರಿನಾಲ್ ಬೆಳಿಗ್ಗೆ ತಗೋಬೇಕಾ, ರಾತ್ರಿನಾ?

ಸೊರಬ: ಮೊದಲು ಆ ಕಷಾಯದ ಫಾರ್ವರ್ಡ್ ಹಾಕಿದ್ದು ಯಾರು? ಅದನ್ನು ಡಿಲೀಟ್ ಮಾಡಿ.

ಡಾಕ್ಟರ್: ಸಾಗರ, ಸೊರಬ, ಇಬ್ಬರೂ ಜಗಳ ನಿಲ್ಲಿಸಿ. ತೀರ್ಥಹಳ್ಳಿಯವರೇ, ಮನೆಯಲ್ಲಿ ಸಣ್ಣ ಮಕ್ಕಳಿದ್ದಾರಾ? ಇದ್ದರೆ ಅವರನ್ನೂ ತೋರಿಸಬೇಕು. ಅಪ್ಪನಿಗೆ ಶುಗರ್, ಎಚ್‌ಐವಿ ಟೆಸ್ಟ್ ಆಗಿದೆಯಾ?

ತೀರ್ಥಹಳ್ಳಿ: ತಂಗಿ ಮಗು ಇದೆ, ಮೂರು ವರ್ಷ. ಶುಗರ್ ಮಾತ್ರ ಆಗಿದೆ.

ಡಾಕ್ಟರ್: ನಾಳೆಯೇ ಇಬ್ಬರನ್ನೂ ಕರೆದುಕೊಂಡು ಹೋಗಿ. ಮಾತ್ರೆ ಶುರು ಮಾಡಿದ ಮೇಲೆ ಇಲ್ಲೇ ಬರೆಯಿರಿ.