ಸಹಾಯ ಬೇಕು: ಹೋದ ಭಾನುವಾರದ ಪುರವಣಿ ಯಾರಾದರೂ ಎತ್ತಿಟ್ಟಿದ್ದೀರಾ?

ನಮಸ್ಕಾರ್ರೀ ಎಲ್ಲರಿಗೂ. ಮೊದಲು ಖುಷಿ ಸುದ್ದಿ. ನನ್ನ ಮಕ್ಕಳ ಕಾದಂಬರಿಗೆ ಮೊದಲ ವಿಮರ್ಶೆ ಬಂದಿದೆ, ಕಾಲು ಪುಟ! ಆದರೆ ನಾನು ನೋಡಿದ್ದು ಅಕ್ಕನ ಮಗ ಕಳಿಸಿದ ಫೋಟೊ ಮಾತ್ರ. ಕೊನೆಯ ನಾಲ್ಕು ಸಾಲಿನ ಮೇಲೆ ಚಹಾ ಕಪ್ಪಿನ ಕಲೆ. 'ಆದರೆ' ಅಂತ ಶುರುವಾಗುವ ವಾಕ್ಯ ಅಲ್ಲೇ ಮುಳುಗಿದೆ. ಬೈದಿದ್ದಾರೋ ಹೊಗಳಿದ್ದಾರೋ ಗೊತ್ತಾಗದೆ ಮೂರು ದಿನದಿಂದ ಸರಿಯಾಗಿ ನಿದ್ದೆ ಇಲ್ಲ.

ಫೋಟೊ ಕೆಳಗೆ ಹಾಕಿದ್ದೇನೆ. ವಿಜಯಪುರದಲ್ಲಿ ಯಾರ ಮನೆಯಲ್ಲಾದರೂ ಈ ಪುಟ ಇದ್ದರೆ, ರದ್ದಿಗೆ ಹಾಕುವ ಮೊದಲು ತಿಳಿಸಿ. ನಾನೇ ಬಂದು ಒಯ್ಯುತ್ತೇನೆ. ಗಾಂಧಿ ಚೌಕದ ಹತ್ತಿರ ಸಿಕ್ಕರೂ ಸರಿ.

ಇನ್ನೊಂದು ಮಾತು. ಮುಂದಿನ ವಾರ ರೇಡಿಯೊದಲ್ಲಿ ಸಂದರ್ಶನ ಇದೆ. ಮಕ್ಕಳ ಪ್ರಶ್ನೆಗಳೂ ಬೇಕಂತೆ. ಕಥೆ ಗೊತ್ತಿಲ್ಲದವರಿಗೆ: ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ ಒಬ್ಬ ಹುಡುಗಿ ಕೂಗುತ್ತಾಳೆ. ಊರವರು ಹೇಳುವ ಹಾಗೆ ಏಳು ಸಲ ಅವಳ ದನಿಯೇ ವಾಪಸ್ ಬರುತ್ತದೆ. ಎಂಟನೆಯದು ಬೇರೆ ದನಿ! 1656ರಲ್ಲಿ ಗುಮ್ಮಟ ಮುಗಿದಾಗ ಅಲ್ಲೇ ಸಿಕ್ಕಿಕೊಂಡ ಕಲ್ಲುಕುಟಿಗರ ಹುಡುಗನದು.

ನಿಮ್ಮ ಮಕ್ಕಳು ಪುಸ್ತಕ ಓದಿದ್ದರೆ, ಅವರ ಪ್ರಶ್ನೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸ್ತೀರಾ? ಫ್ಯಾನ್ ಆರಿಸಿ, ಇಲ್ಲಾಂದ್ರೆ ಬರೀ ಗಾಳಿ ಸದ್ದು. ಮತ್ತೆ ದಯವಿಟ್ಟು ನೀವು ಬರೆದುಕೊಡಬೇಡಿ. ದೊಡ್ಡವರು ಬರೆದದ್ದು ಥಟ್ಟನೆ ಗೊತ್ತಾಗುತ್ತದೆ. ನಮ್ಮ ಓಣಿಯ ಒಂಬತ್ತು ವರ್ಷದ ಪೋರ ಕೇಳಿದ್ದು, 'ಇಷ್ಟು ವರ್ಷ ಆ ಹುಡುಗ ಊಟಕ್ಕೆ ಏನ್ ಮಾಡ್ದ?' ನನ್ನ ಹತ್ತಿರ ಇನ್ನೂ ಉತ್ತರ ಇಲ್ಲ.

ಬುಧವಾರದೊಳಗೆ ಬಂದರೆ ಸಾಕು.