ಗೋಮುಖದ ನೀರು ಹಾಲಿನಷ್ಟು ಬಿಳಿ, ಆದ್ರೂ ಟಿಡಿಎಸ್ (ನೀರಲ್ಲಿ ಕರಗಿರೋ ಲವಣಗಳ ಅಳತೆ) ಕಮ್ಮಿ ಯಾಕೆ?

ಚಾರಣ_ಚಟ:
ಜೂನ್‌ನಲ್ಲಿ ಗಂಗೋತ್ರಿಯಿಂದ ಗೋಮುಖದ ಕಡೆ, ಅಂದ್ರೆ ಹಿಮನದಿಯಿಂದ ಭಾಗೀರಥಿ ಹೊರಬರೋ ಜಾಗಕ್ಕೆ, ಹೋಗಿದ್ವಿ. ಅಲ್ಲಿ ಭಾಗೀರಥಿ ನೀರು ಬೂದುಬಿಳಿ, ಬಾಟಲಿಗೆ ಹಿಡಿದ್ರೆ ಆ ಕಡೆ ಇರೋ ಬೆರಳು ಕಾಣಲ್ಲ. ಭೋಜ್‌ಬಾಸಾದಲ್ಲಿ ರಾತ್ರಿಯಿಡೀ ಅಲ್ಲಾಡಿಸದೆ ಇಟ್ಟಿದ್ದೆ, ಬೆಳಿಗ್ಗೆ ತಳದಲ್ಲಿ ತೆಳ್ಳಗೆ ಒಂದು ಪದರ ಪುಡಿ ಕೂತಿತ್ತು, ರಂಗೋಲಿ ಪುಡಿಗಿಂತ ನುಣುಪು, ಮೇಲಿನ ನೀರು ಮಾತ್ರ ಇನ್ನೂ ಮಬ್ಬೇ. ಜೊತೇಲಿದ್ದವನ ಹತ್ರ ಪೆನ್ ಥರದ ಟಿಡಿಎಸ್ ಮೀಟರ್ ಇತ್ತು (ಮನೇಲಿ ಆರ್‌ಒ ಚೆಕ್ ಮಾಡೋಕೆ ತಗೊಂಡಿದ್ದಂತೆ, ಅದನ್ನ ಹಿಮಾಲಯಕ್ಕೆ ಯಾಕೆ ತಂದ ಅಂತ ಕೇಳ್ಬೇಡಿ), ನದಿಗೆ ಅದ್ದಿ ನೋಡಿದ್ರೆ ನಮ್ಮ ಬೋರ್‌ವೆಲ್ ನೀರಿನ ಹತ್ರಕ್ಕೂ ಬರಲ್ಲ, ಅಷ್ಟು ಕಮ್ಮಿ. ವಾಪಸ್ ಬರ್ತಾ ದೇವಪ್ರಯಾಗದಲ್ಲಿ (ಭಾಗೀರಥಿ, ಅಲಕನಂದಾ ಸೇರೋ ಜಾಗ) ಇಳಿದು ನೋಡಿದ್ರೆ ಅದೇ ಭಾಗೀರಥಿ ಹಸಿರು ಹಸಿರಾಗಿ ತಿಳಿಯಾಗಿದೆ, ಪಕ್ಕದಲ್ಲೇ ಅಲಕನಂದಾ ಕೆಸರು ಕೆಸರು. ತಿಳಿಯಾಗಿರೋ ಭಾಗೀರಥಿಗೆ ಮೀಟರ್ ಹಾಕಿದ್ರೆ ಗೋಮುಖಕ್ಕಿಂತ ಜಾಸ್ತಿ! ಮೀಟರ್ ಕೆಟ್ಟಿದ್ಯಾ? ಇನ್ನೊಂದು, ಮೇಲೆಲ್ಲಾ ಗ್ರಾನೈಟ್ ಬೆಟ್ಟಗಳೇ ಅಲ್ವಾ, ಗ್ರಾನೈಟ್‌ನಿಂದ ನೀರಿಗೆ ಏನ್ ಕರಗುತ್ತೆ?

ಕಲ್ಲುಬಂಡೆ:
ಮೀಟರ್ ಸರಿಯಾಗೇ ಇದೆ. ಅದು ನೋಡೋದು ನೀರಲ್ಲಿ ಕರೆಂಟ್ ಎಷ್ಟು ಹರಿಯುತ್ತೆ ಅಂತ, ಅದ್ರಿಂದ ಕರಗಿರೋ ಲವಣ ಇಷ್ಟು ಅಂತ ಅಂದಾಜು ಹೇಳುತ್ತೆ ಅಷ್ಟೆ. ತೇಲ್ತಿರೋ ಕಲ್ಲಿನಪುಡಿ ಅದರ ಲೆಕ್ಕಕ್ಕೇ ಬರಲ್ಲ. ಗಂಗೋತ್ರಿ ಹಿಮನದಿ ಸುಮಾರು 30 ಕಿ.ಮೀ. ಉದ್ದ, ತಳದಲ್ಲಿ ಸಿಕ್ಕಿಕೊಂಡ ಬಂಡೆಗಳನ್ನ ಕೆಳಗಿನ ಬಂಡೆ ಮೇಲೆ ಉಜ್ಕೊಂಡೇ ಇಳಿಯುತ್ತೆ, ನಿಮ್ಮ ಬಾಟಲಿ ತಳದಲ್ಲಿ ಕೂತಿದ್ದು ಅದೇ ಹಿಟ್ಟು.

ಹಿಮ ಅಂದ್ರೆ ಹೆಚ್ಚುಕಮ್ಮಿ ಶುದ್ಧ ನೀರು. ಬೇಸಿಗೆ ಮಧ್ಯಾಹ್ನ ಅದು ಕರಗಿ ಹಿಮದ ಕೆಳಗಿನ ಸುರಂಗಗಳಲ್ಲಿ ಜೋರಾಗಿ ನುಗ್ಗಿ ಹೊರಗೆ ಬಂದ್ಬಿಡುತ್ತೆ, ಕಲ್ಲಿನ ಜೊತೆ ಮಾತಾಡೋಕೇ ಟೈಮ್ ಇರಲ್ಲ. ಬೆಳಗಿನ ಜಾವ ಹರಿವು ಇಳಿದಾಗ, ಅಥವಾ ಚಳಿಗಾಲದಲ್ಲಿ, ಹಿಮದಡಿ ನಿಧಾನವಾಗಿ ಜಿನುಗೋ ನೀರಿನ ಪಾಲು ಜಾಸ್ತಿ, ಆಗ ಅದೇ ಜಾಗದಲ್ಲಿ ರೀಡಿಂಗ್ ಮೇಲೆ ಹೋಗುತ್ತೆ. ನೀವು ಎಷ್ಟೊತ್ತಿಗೆ ಅಳೆದಿದ್ದು?

ಕೆಳಗೆ ಬಂದ ಹಾಗೆ ಕಥೆ ಬದಲಾಗುತ್ತೆ. ಗಂಗನಾನಿ ಹತ್ರ ಬಿಸಿನೀರಿನ ಬುಗ್ಗೆಗಳು ಸಿಗ್ತವೆ, ಅಲ್ಲಿಂದ ಕೆಳಗಿನ ಹಿಮಾಲಯದಲ್ಲಿ ಸುಣ್ಣಕಲ್ಲು, ಡಾಲೊಮೈಟ್ ಪದರಗಳಿವೆ, ಉಪನದಿಗಳು ಅದನ್ನ ಕರಗಿಸ್ಕೊಂಡು ತರ್ತವೆ. ಆಮೇಲೆ 260 ಮೀಟರ್ ಎತ್ತರದ ಟೆಹ್ರಿ ಅಣೆಕಟ್ಟು. ಆ ಜಲಾಶಯದಲ್ಲಿ ನೀರು ನಿಂತಾಗ ಪುಡಿಯೆಲ್ಲಾ ತಳಕ್ಕೆ ಹೋಗುತ್ತೆ, ಕರಗಿರೋ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಎಲ್ಲಿಗೂ ಹೋಗಲ್ಲ. ಅದಕ್ಕೇ ದೇವಪ್ರಯಾಗದಲ್ಲಿ ಕಣ್ಣಿಗೆ ತಿಳಿ, ಮೀಟರ್‌ಗೆ ಜಾಸ್ತಿ. ಅಲಕನಂದಾ ಮೇಲೆ ಅಷ್ಟು ದೊಡ್ಡ ಜಲಾಶಯ ಇಲ್ಲ, ಕೆಸರು ಹಾಗೇ ಬರುತ್ತೆ.

ಚಾರಣ_ಚಟ:
ಮಧ್ಯಾಹ್ನ ಮೂರರ ಮೇಲೆ ಅಳೆದಿದ್ದು, ಬಿಸಿಲು ಸಖತ್ತಾಗಿತ್ತು. ಓಕೆ ಈಗ ಅರ್ಥ ಆಯ್ತು.

ನೇತ್ರಾವತಿ_ದಂಡೆ:
ಒಂದ್ನಿಮಿಷ, ಸುಣ್ಣಕಲ್ಲಿನ ವಿಷಯ ಕೆಳಗಡೆಗೆ ಸರಿ. ಆದ್ರೆ ಗೋಮುಖದ ಹತ್ರವೂ ನೀರಲ್ಲಿ ಮುಖ್ಯವಾಗಿ ಕ್ಯಾಲ್ಸಿಯಂ ಬೈಕಾರ್ಬೊನೇಟೇ ಅಂತ ಎಲ್ಲೋ ಓದಿದ ನೆನಪು. ಅಲ್ಲಿ ಸುಣ್ಣಕಲ್ಲು ಎಲ್ಲಿದೆ? ನಮ್ಮ ಘಟ್ಟದಲ್ಲೂ ಗ್ರಾನೈಟು, ನೈಸ್ (gneiss, ಪಟ್ಟೆಪಟ್ಟೆ ಬಂಡೆ) ಕಲ್ಲೇ, ಆದ್ರೆ ಹಳ್ಳದ ನೀರು ಎಷ್ಟು ಮೆದು ಅಂದ್ರೆ ಸೋಪು ಹಚ್ಚಿದ್ರೆ ಜಾರಿಕೆ ಹೋಗೋದೇ ಇಲ್ಲ.

ಹಿಮದ_ಹುಳ:
ಒಳ್ಳೆ ಪ್ರಶ್ನೆ, ನಂಗೆ ಇಡೀ ಸಬ್ಜೆಕ್ಟಲ್ಲಿ ಇಷ್ಟ ಆಗೋದೇ ಇದು. ಹಿಮಾಲಯದ ಪಶ್ಚಿಮ ತುದಿಯ ನಂಗಾ ಪರ್ಬತದ ರೈಕೋಟ್ ಕಣಿವೆಯಲ್ಲಿ ಒಂದು ಅಧ್ಯಯನ ಆಗಿತ್ತು, 1998ರಲ್ಲಿ ಬಂತು. ಅಲ್ಲಿ ಬಂಡೆಯಲ್ಲಿ ಕಾರ್ಬೊನೇಟ್ (ಸುಣ್ಣದ ಥರದ ಖನಿಜ) ಇರೋದು ಬರೀ 1% ಅಷ್ಟು, ಆದ್ರೆ ಹೊಳೆ ಹೊತ್ತೊಯ್ಯೋ ಬೈಕಾರ್ಬೊನೇಟ್‌ನಲ್ಲಿ 82% ಆ ಒಂದು ಪರ್ಸೆಂಟ್‌ನಿಂದ ಬಂದಿದ್ದು! ಗ್ರಾನೈಟ್, ನೈಸ್ ಒಳಗೆ ಕೂದಲೆಳೆಯಂಥ ಬಿರುಕುಗಳಲ್ಲಿ ಕ್ಯಾಲ್ಸೈಟ್ (ಸುಣ್ಣಕಲ್ಲಿನ ಮುಖ್ಯ ಖನಿಜ) ಇರುತ್ತೆ, ಗ್ರಾನೈಟ್‌ನ ಮುಖ್ಯ ಖನಿಜ ಫೆಲ್ಡ್‌ಸ್ಪಾರ್‌ಗೆ ಹೋಲಿಸಿದ್ರೆ ಅದು ಎಷ್ಟೋ ಪಟ್ಟು ಬೇಗ ಕರಗುತ್ತೆ. ಹಿಮನದಿ ದಿನಾ ಹೊಸ ಕಲ್ಲು ಒಡೆದು ಅರೆದು ಕೊಡೋದ್ರಿಂದ ಆ ಕ್ಯಾಲ್ಸೈಟ್ ಖಾಲಿನೇ ಆಗಲ್ಲ. ನಿಮ್ಮ ಘಟ್ಟದಲ್ಲಿ ಉಲ್ಟಾ, ಲಕ್ಷಾಂತರ ವರ್ಷ ಮಳೆ ಸುರಿದು ಬೇಗ ಕರಗೋದೆಲ್ಲಾ ಯಾವತ್ತೋ ಸಮುದ್ರಕ್ಕೆ ಹೋಗಿದೆ, ಉಳಿದಿರೋದು ಕೆಂಪು ಜಂಬಿಟ್ಟಿಗೆ. ಅಲ್ಲಿ ಈಗ ಫೆಲ್ಡ್‌ಸ್ಪಾರ್‌ನಂಥ ಸಿಲಿಕೇಟ್‌ಗಳೇ ನಿಧಾನಕ್ಕೆ ಜೇಡಿಯಾಗಿ ಸಿಲಿಕಾ, ಸೋಡಿಯಂ ಬಿಟ್ಟುಕೊಡ್ತವೆ.

ಇನ್ನೊಂದು ಪಾತ್ರಧಾರಿ ಪೈರೈಟ್, ಅದೇ ಚಿನ್ನದ ಥರ ಹೊಳೆಯೋ ಕಬ್ಬಿಣದ ಸಲ್ಫೈಡ್. ಪುಡಿಯಾಗಿ ನೀರು, ಆಕ್ಸಿಜನ್ ತಾಗಿದ್ರೆ ಸಲ್ಫ್ಯೂರಿಕ್ ಆಸಿಡ್ ಆಗುತ್ತೆ, ಆ ಆಸಿಡ್ ಪಕ್ಕದ ಕ್ಯಾಲ್ಸೈಟನ್ನ ತಿನ್ನುತ್ತೆ. ಭಾಗೀರಥಿ ಮೇಲ್ಭಾಗದ ನೀರಲ್ಲಿ ಸಲ್ಫೇಟ್ ಜಾಸ್ತಿ ಇರೋದು ಇದಕ್ಕೇ. ಇಲ್ಲೊಂದು ತಕರಾರೂ ಇದೆ. ಹಿಮಾಲಯ ಎದ್ದಿದ್ರಿಂದ ಸಿಲಿಕೇಟ್ ಕಲ್ಲು ಜಾಸ್ತಿ ಕರಗಿ ಗಾಳಿಯ ಕಾರ್ಬನ್ ಡೈ ಆಕ್ಸೈಡ್ ಕಮ್ಮಿಯಾಗಿ ಭೂಮಿ ತಣ್ಣಗಾಯ್ತು ಅಂತ ರೇಮೊ ಮತ್ತು ರಡಿಮನ್ ಅನ್ನೋ ವಿಜ್ಞಾನಿಗಳು 1992ರಲ್ಲಿ ವಾದ ಮಾಡಿದ್ರು. ಸಿಲಿಕೇಟ್ ಕರಗಿದ್ರೆ ಹೌದು, ಕಾರ್ಬನ್ ಕೊನೆಗೆ ಸಮುದ್ರದ ತಳ ಸೇರುತ್ತೆ. ಆದ್ರೆ ಪೈರೈಟ್ ಆಸಿಡ್ ಸುಣ್ಣವನ್ನ ಕರಗಿಸಿದ್ರೆ ಕಾರ್ಬನ್ ಡೈ ಆಕ್ಸೈಡ್ ಗಾಳಿಗೆ ಹೊರಗೇ ಬರುತ್ತೆ. ಹಂಗಾಗಿ ನನ್ನ ಪ್ರಕಾರ ಹಿಮನದಿ ಜಾಸ್ತಿ ಅರೆದಷ್ಟೂ ಭೂಮಿಗೆ ತಂಪು ಅನ್ನೋದನ್ನ ಅಷ್ಟು ಸಲೀಸಾಗಿ ಒಪ್ಪೋಕಾಗಲ್ಲ.

ಕಲ್ಲುಬಂಡೆ:
+1. ಪೈರೈಟ್ ಇದ್ದು ಸುಣ್ಣ ಇಲ್ದಿದ್ರೆ ಏನಾಗುತ್ತೆ ಅಂತ ನೋಡ್ಬೇಕಾದ್ರೆ ಪೆರುವಿನ ಕಾರ್ಡಿಯೆರಾ ಬ್ಲಾಂಕಾ ಫೋಟೋ ಹುಡುಕಿ. ಹಿಮನದಿ ಹಿಂದೆ ಸರಿದು ಸಲ್ಫೈಡ್ ತುಂಬಿದ ಬಂಡೆ ಗಾಳಿ ಮಳೆಗೆ ತೆರೆದುಕೊಂಡಿದೆ, ಹೊಳೆಗಳ ಕಲ್ಲೆಲ್ಲಾ ತುಕ್ಕುಗೆಂಪು, ಕೆಲವು ಕಡೆ ಪಿಎಚ್ 4ಕ್ಕಿಂತ ಕಮ್ಮಿ, ಅಂದ್ರೆ ನೀರು ಚೆನ್ನಾಗೇ ಆಮ್ಲೀಯ. ಆ ನೀರು ದನಕ್ಕೂ ಆಗಲ್ಲ, ಹೊಲಕ್ಕೂ ಆಗಲ್ಲ.

ಚಾರಣ_ಚಟ:
ಅಯ್ಯೋ, ನಾವು ಗೋಮುಖದ ನೀರು ಕುದಿಸಿ ಕುಡಿದ್ವಲ್ಲ, ಏನೂ ಆಗಲ್ಲ ತಾನೆ?

ಕಲ್ಲುಬಂಡೆ:
ಕರಗಿರೋದ್ರಿಂದ ಭಯ ಇಲ್ಲ. ಕುದಿಸಿದ್ರೆ ರೋಗಾಣು ಸಾಯುತ್ತೆ, ಪುಡಿ ಹೋಗಲ್ಲ, ಬಟ್ಟೇಲಿ ಸೋಸಿದ್ರೂ ನುಸುಳುತ್ತೆ, ಟ್ರೆಕ್ಕಿಂಗ್ ಫಿಲ್ಟರ್ ಹಾಕಿದ್ರೆ ಬೇಗ ಕಟ್ಕೊಳ್ಳುತ್ತೆ. ಸಾಧ್ಯವಾದ್ರೆ ಪಕ್ಕದ ತಿಳಿ ತೊರೆ ನೀರು ಹಿಡಿಯಿರಿ, ಇಲ್ಲಾಂದ್ರೆ ಒಂದು ಚೂರು ಸ್ಫಟಿಕ, ಅದೇ ಶೇವಿಂಗ್ ಆದ್ಮೇಲೆ ಉಜ್ಕೊಳ್ಳೋದು, ನೀರಲ್ಲಿ ಎರಡು ಸುತ್ತು ತಿರುಗಿಸಿ ಬಿಡಿ. ಆ ಕಣಗಳೆಲ್ಲಾ ನೆಗೆಟಿವ್ ಚಾರ್ಜ್ ಇಟ್ಕೊಂಡು ಒಂದನ್ನೊಂದು ದೂರ ತಳ್ತಿರ್ತವೆ, ಸ್ಫಟಿಕದ ಅಲ್ಯೂಮಿನಿಯಂ ಬಿದ್ರೆ ಒಟ್ಟಿಗೆ ಗಂಟು ಕಟ್ಟಿ ಕೆಳಗೆ ಕೂರ್ತವೆ. ಮೇಲಿನ ತಿಳಿಯನ್ನ ಬಗ್ಗಿಸ್ಕೊಂಡು ಆಮೇಲೆ ಕುದಿಸಿ.